ಪಯಸ್ವಿನಿಯ ಆಚೆ ಮಲಗಿದ ಮಗು

ಕಳೆದ ವಾರ ಪುತ್ತೂರಿನಲ್ಲಿ ಕಡಬದ ಬಸ್ಸು ಹತ್ತಿ ಕೂತಿದ್ದೆ. ಎಳೆಯ ಪೊಲೀಸನೊಬ್ಬ ಬಂದು ಎದುರಿನ ಸೀಟಿನಲ್ಲಿ ಕುಳಿತ. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿಯ ವಾಸನೆ ಗಮ್ಮೆಂದು ಬಂತು. ಸವಣೂರು ದಾಟಿದರೂ ಅದು ನನ್ನನ್ನು ಬಿಡಲಿಲ್ಲ...

ಬೆಳ್ಳಾರೆಯಲ್ಲಿ ನಮ್ಮ ಪಕ್ಕದ ಮನೆಯವರನ್ನು ನಾನು ಪೊಲೀಸ್ ಮಾವ ಎಂದೇ ಕರೆಯುತ್ತಿದ್ದೆ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಆಮೇಲೂ ಅವರ ಬಿಳಿ ಅಂಗಿಗೆ ಅದೇ ಗಂಜಿ, ಅದೇ ಮಡಿಕೆ. ನಾನಾಗ ಅಲ್ಲಿಯ ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರು. ಬೇಲಿಯ ಆಚೆಯಿಂದ ಅವರು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ತಮ್ಮ ಮನೆಯ ಸುದ್ದಿ ಮಾತ್ರ ಹೇಳುತ್ತಿರಲಿಲ್ಲ. ಅದನ್ನು ನನಗೆ ಊರೇ ಹೇಳಿತು.

ಕುಂಪಣಿ ಸರಕಾರದ ವಿರುದ್ಧ ನಮ್ಮ ಕಡೆಯ ರೈತರು ಎದ್ದು ಹೋರಾಡಿದ ಕಾಲದ ಕಥೆ ಅದು. ಕೊಡಗಿನ ಅರಮನೆಯ ಒಂದು ಹೆಣ್ಣು ಮಗುವನ್ನು ದಾದಿಯೊಬ್ಬಳು ಎತ್ತಿಕೊಂಡು ಘಟ್ಟ ಇಳಿದು ಬಂದು, ಪೊಲೀಸ್ ಮಾವನ ಹಿರಿಯರೊಬ್ಬರ ಮನೆಯಲ್ಲಿ ಅಡಗಿದ್ದಳಂತೆ. ಮಗುವಿನ ಸೊಂಟದಲ್ಲಿ ಚಿನ್ನದ ನೇವಳ ಇತ್ತಂತೆ. ಹೋರಾಟ ಮುರಿದುಬಿತ್ತು, ಸಿಪಾಯಿಗಳು ಮನೆ ಮನೆ ಜಾಲಾಡಿದರು. ಅಷ್ಟರಲ್ಲಿ ಮಗು ಕಾಣೆಯಾಗಿತ್ತು. ಊರಿನ ಬೇರೆ ಗಂಡಸರು ಗಲ್ಲಿಗೆ ಹೋದರು, ಆ ಹಿರಿಯರು ಮಾತ್ರ ಬದುಕಿ ಉಳಿದರು. ಊರಿಗೆ ಅಷ್ಟು ಸಾಕಾಯಿತು. ನೇವಳ ಬಿಚ್ಚಿಕೊಂಡು ಮಗುವನ್ನು ಸಿಪಾಯಿಗಳಿಗೆ ಒಪ್ಪಿಸಿದ ಎಂದರು. ಅವರು ಕೊನೆಯವರೆಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಮನೆಗೆ ಮಗು ಕೊಟ್ಟವರ ಮನೆ ಎಂಬ ಹೆಸರು ಅಂಟಿಕೊಂಡಿತು.

ಪೊಲೀಸ್ ಮಾವನ ಒಬ್ಬಳೇ ಮಗಳಿಗೆ ಸವಣೂರು ಕಡೆಯಿಂದ ಬಂದ ಸಂಬಂಧ ನಿಶ್ಚಯವಾಗುವ ಹೊತ್ತಿಗೆ ಈ ಕಥೆ ಗಂಡಿನ ಕಡೆಯವರ ಕಿವಿಗೆ ಬಿತ್ತು. "ನಮಗೆ ಹುಡುಗಿ ಒಪ್ಪಿಗೆಯೇ. ಆದರೆ ಆ ಮಗುವಿನ ಶಾಪ ಉಂಟಲ್ಲ, ಅದಕ್ಕೆ ಎಂತ ಮಾಡುದು?" ಎಂದು ಹೇಳಿ ಕಳಿಸಿದರು. ಅದು ತಪ್ಪಿಹೋದ ಮೊದಲ ಸಂಬಂಧವೇನಲ್ಲ. ಆದರೆ ಆ ಸಲ ಪೊಲೀಸ್ ಮಾವ ಸುಮ್ಮನೆ ಕೂರಲಿಲ್ಲ.

"ಕಳ್ಳತನ, ಕೊಲೆ ಎಷ್ಟು ನೋಡಿದ್ದೇನೆ ಟೀಚರೇ. ನಮ್ಮದೇ ಮನೆಯ ಕೇಸು ಹಾಗೇ ಬಿದ್ದುಕೊಂಡು ಉಂಟು," ಎಂದರು ಒಂದು ದಿನ.

ಅವರು ಹೊರಟದ್ದು ಪೊಲೀಸರ ಹಾಗೆಯೇ. ಮಗುವನ್ನು ಒಪ್ಪಿಸಿದ್ದರೆ ಅವಳನ್ನು ಕೊಂಡೊಯ್ದದ್ದನ್ನು ಯಾರಾದರೂ ನೋಡಿರಬೇಕಿತ್ತು. ಒಬ್ಬರೂ ನೋಡಿದ ಮಾತು ಕಥೆಯಲ್ಲಿ ಎಲ್ಲಿಯೂ ಇಲ್ಲ. ಹಾಗಾದರೆ ಮಗುವನ್ನು ಯಾರೋ ಎತ್ತಿಕೊಂಡು ಓಡಿದ್ದು. ಬೆಳ್ಳಾರೆ, ಪುತ್ತೂರಿನಲ್ಲೆಲ್ಲ ಸಿಪಾಯಿಗಳು, ಘಟ್ಟದ ದಾರಿಯಲ್ಲೂ ಕಾವಲು. ಉಳಿದದ್ದು ಪಯಸ್ವಿನಿ ಹೊಳೆ ದಾಟಿ ತೆಂಕಿಗೆ ಹೋಗುವ ಕಾಡುದಾರಿ ಒಂದೇ. ಆ ದಾರಿಯ ಹಳೆಯ ಮನೆಗಳನ್ನು ಅವರು ಒಂದೊಂದಾಗಿ ಹತ್ತಿ ಇಳಿದರು. ಮಗು ಬದುಕಿದ್ದರೆ ಎಲ್ಲಾದರೂ ಸುದ್ದಿ ಇರುತ್ತಿತ್ತು, ಹಾಗಾಗಿ ಎಲ್ಲ ಕಡೆ ಒಂದೇ ಪ್ರಶ್ನೆ. ನಿಮ್ಮಲ್ಲಿ ಹೆಸರಿಲ್ಲದ ಸಮಾಧಿ ಉಂಟಾ?

ವರ್ಷಗಳೇ ಹೋದವು. ಕೊನೆಗೆ ಒಂದು ದಿನ ಬೇಲಿಯ ಹತ್ತಿರ ಬಂದು, "ಗಡಿಯ ಆಚೆ ಅಂಥದ್ದೊಂದು ಸಮಾಧಿ ಉಂಟಂತೆ. ನಿಮಗೆ ಮಲಯಾಳ ಬರ್ತದಲ್ಲ, ಒಮ್ಮೆ ನನ್ನೊಟ್ಟಿಗೆ ಬರ್ಬೇಕು," ಎಂದು ಕೇಳಿದರು. ನನ್ನ ತಾಯಿಮನೆ ಕಾಸರಗೋಡಿನ ಕಡೆ. ಜಾಲ್ಸೂರಿನಲ್ಲಿ ಬಸ್ಸು ಬದಲಿಸಿ ಗಡಿ ದಾಟಿದೆವು. ಗುಡ್ಡದ ಬದಿಯ ಒಂದು ಮನೆಯಲ್ಲಿ ತೀರಾ ವಯಸ್ಸಾದ ಅಜ್ಜಿಯೊಬ್ಬರು ನಮಗಾಗಿ ಕಾದಿದ್ದರು. ಮನೆಯ ಹಿಂದೆ ಮರದ ಬುಡದಲ್ಲಿ ಗಿಡ್ಡದೊಂದು ಕಲ್ಲು. ಅದರ ಮುಂದೆ ಎಣ್ಣೆ ಹಿಡಿದು ಕಪ್ಪಾದ ಮಣ್ಣಿನ ಹಣತೆ.

ಅಜ್ಜಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಅವರ ಮನೆಯ ಹಿರಿಯರ ಕಾಲದಲ್ಲಿ ಬಡಗು ದಿಕ್ಕಿನಿಂದ ಒಬ್ಬ ಗಂಡಸು ಜ್ವರದ ಮಗುವನ್ನು ಹೆಗಲ ಮೇಲೆ ಹೊತ್ತು ತಂದನಂತೆ, ಜೊತೆಗೆ ಒಬ್ಬಳು ಹೆಂಗಸು. ಮಗು ಉಳಿಯಲಿಲ್ಲ. ಅವನೇ ಗುಂಡಿ ತೋಡಿ ಮಲಗಿಸಿದ. ಸೊಂಟದ ಚಿನ್ನ ತೆಗೆಯೋಣವೇ ಎಂದು ಮನೆಯವರು ಕೇಳಿದ್ದಕ್ಕೆ, ಅದು ಅವಳದ್ದು ಎಂದು ಅತ್ತನಂತೆ. ಹೆಂಗಸು ಮುಂದೆ ಎಲ್ಲಿಗೆ ಹೋದಳೋ ಗೊತ್ತಿಲ್ಲ. ಅವನು ಹೋಗುವಾಗ, "ನಾನು ಬಾಯಿಬಿಟ್ಟರೆ ಸಿಪಾಯಿಗಳು ಬಂದು ನಿಮ್ಮನ್ನು ಸುಡುತ್ತಾರೆ. ಸಾಯುವವರೆಗೂ ಬಾಯಿ ಬಿಡುವುದಿಲ್ಲ," ಎಂದು ಮಾತು ಕೊಟ್ಟು ಹೋದನಂತೆ.

ಪೊಲೀಸ್ ಮಾವ ಅಂಗಳದಲ್ಲೇ ಕುಳಿತುಬಿಟ್ಟರು.

"ಚಿನ್ನ ತೆಗೀಲಿಲ್ಲ ಅಂತ ಹೇಳಿದ್ರಾ? ಇನ್ನೊಮ್ಮೆ ಕೇಳಿ ಟೀಚರೇ."

ಕೇಳಿದೆ. ಅಜ್ಜಿ ಅದನ್ನೇ ಹೇಳಿದರು. ಪೊಲೀಸ್ ಮಾವ ಮತ್ತೊಮ್ಮೆ ಕೇಳಿಸಿದರು.

ಊರಿನ ಹಿರಿಯರನ್ನು ಕರೆತಂದು ಅವರ ಎದುರಿಗೇ ಅಗೆಸಬೇಕು ಎಂಬುದು ಅವರ ಹಟ. ಬಾಯಿಮಾತು ನಿಲ್ಲುವುದಿಲ್ಲ, ಸಾಕ್ಷಿ ಬೇಕು. ಕಾನೂನು ಬಿಟ್ಟು ಒಂದು ಹಿಡಿ ಮಣ್ಣು ತೆಗೆಯುವವರೂ ಅವರಲ್ಲ. ಈಚೆಯ ಕಚೇರಿಯವರು ಅದು ಕೇರಳ ಎಂದರು, ಆಚೆಯವರು ಆಧಾರ ಎಲ್ಲಿ ಎಂದರು. ಓಡಾಡುತ್ತಾ ಒಂದು ಮಳೆಗಾಲ ಮುಗಿಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಸುದ್ದಿ ತಿಳಿದು ನಾವು ಹೋದಾಗ ಮನೆಯ ಹಿಂದಿನ ಗುಡ್ಡದ ಗುರುತೇ ಸಿಗಲಿಲ್ಲ. ಅಜ್ಜಿಯ ಮಕ್ಕಳು ರಬ್ಬರ್ ಇಡಲು ಜೆಸಿಬಿ ತರಿಸಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿದ್ದರು. ಮರ ಇಲ್ಲ, ಕಲ್ಲು ಇಲ್ಲ. ಮಣ್ಣನ್ನೆಲ್ಲ ಕೆಳಗೆ ಹರಿಯುವ ತೋಡಿನ ಬದಿಗೆ ದೂಡಿದ್ದೇವೆ ಎಂದರು.

ಪೊಲೀಸ್ ಮಾವ ಬಿಳಿ ಅಂಗಿಯಲ್ಲೇ ಮೊಣಕಾಲೂರಿ ಆ ಕೆಂಪು ಮಣ್ಣನ್ನು ಕೈಯಲ್ಲಿ ಕೆದಕಿದರು. ನಾನೂ ಕೆದಕಿದೆ. ಬೇರಿನ ತುಂಡು, ಮುರಕಲ್ಲಿನ ಚೂರು... ಇನ್ನೇನೂ ಸಿಗಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆಂದು ನಾನೇ ಅವರನ್ನು ಎಬ್ಬಿಸಿದೆ.

ಆದರೂ ಅವರು ಬೆಳ್ಳಾರೆಯಲ್ಲಿ ಹಿರಿಯರನ್ನು ಕೂರಿಸಿ ಎಲ್ಲವನ್ನೂ ಹೇಳಿದರು. ಕೇಳಿದ ಮೇಲೆ ಅವರಲ್ಲೊಬ್ಬರು ಮೆಲ್ಲಗೆ, "ನಿಮ್ಮ ಮನೆಯ ಕಥೆಯನ್ನು ನೀವು ಚಂದ ಮಾಡಿ ಹೇಳುದು ಸಹಜ ಮಾರಾಯ್ರೆ. ಎಲುಬು ಉಂಟಾ? ನೇವಳ ಉಂಟಾ?" ಎಂದರು. ನಾನು ಕೇಳಿದ್ದೇನೆ ಎಂದು ಎದ್ದು ನಿಂತೆ. ಪೊಲೀಸ್ ಮಾವ ಕೈಸನ್ನೆ ಮಾಡಿ ನನ್ನನ್ನು ಕೂರಿಸಿದರು.

"ಅವರು ಕೇಳುದು ಸರಿಯೇ ಉಂಟು ಟೀಚರೇ. ನಾನಾದರೂ ಅದನ್ನೇ ಕೇಳ್ತಿದ್ದೆ."

ಆಮೇಲೆ ಅವರು ಬೇಲಿಯ ಹತ್ತಿರ ಬಂದದ್ದು ಕಡಿಮೆ. ಬಹಳ ದಿನ ಬದುಕಲೂ ಇಲ್ಲ...

ಕಡಬದಲ್ಲಿ ನಾನು ನೋಡಲು ಹೋದದ್ದು ಅವರ ಮಗಳನ್ನೇ. ಬೆಳ್ಳಾರೆಯ ಮನೆ ಮಾರಿ, ಚಿಕ್ಕಪ್ಪನ ಮಕ್ಕಳ ಜೊತೆ ಇದ್ದಾಳೆ. ತಲೆ ಪೂರ್ತಿ ನರೆತಿದೆ. ಮದುವೆಯಾಗಲಿಲ್ಲ. ಚಹಾ ಕೊಟ್ಟು ಎದುರು ಕುಳಿತಳು. ಅವಳ ತಂದೆಯ ನೆನಪಾಯಿತು ಎಂದೆ.

"ಅಪ್ಪ ಹೊರಟದ್ದು ನನಗೋಸ್ಕರ ಅಲ್ವಾ ಟೀಚರೇ," ಎಂದಳು. "ಹೋಗ್ತಾ ಹೋಗ್ತಾ ಆ ಮಗುವೇ ಅವರ ಮಗಳಾಯ್ತು. ಮನೆಗೆ ಬಂದ್ರೆ ನನ್ನ ಮುಖ ಸಹ ಸರಿ ನೋಡ್ತಿರ್ಲಿಲ್ಲ."

ಅಜ್ಜಿಯ ಮಾತು ಸುಳ್ಳಲ್ಲ, ನಾನು ನಂಬಿದ್ದೇನೆ ಎಂದೆ.

"ನೀವು ನಂಬಿ ಎಂತ ಆಯ್ತು? ನೀವೊಬ್ಬರು," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಬರುವಾಗ ಕೈಹಿಡಿದು ಮೆಟ್ಟಿಲು ಇಳಿಸಿ ಗೇಟಿನವರೆಗೆ ಬಂದಳು. ಈಗ ನನ್ನ ಮಂಡಿಯೂ ಕೇಳುವುದಿಲ್ಲ. ಅಜ್ಜಿ ಹೇಳಿದ್ದನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ. ಆ ಗುಡ್ಡದಲ್ಲಿ ಮಗು ಎಲ್ಲಿ ಮಲಗಿತ್ತೆಂದು ಈಗ ಕೇಳಿದರೆ ನನಗೂ ತೋರಿಸಲಾಗದು.