ಹೆಸರಿಲ್ಲದ ಸ್ಲೈಡು

ಮೇಡಂ ಅವರ ಬಲಗೈಯ ಎರಡು ಬೆರಳುಗಳು ಸದಾ ನೇರಳೆಯಾಗಿರುತ್ತಿದ್ದವು. ಸ್ಲೈಡಿಗೆ ಹಾಕುವ ಬಣ್ಣ. ಗ್ಲೌಸ್ ತೊಟ್ಟರೆ ಗಾಜು ಕೈಗೆ ಸಿಗುವುದಿಲ್ಲ ಎನ್ನುತ್ತಿದ್ದರು. ಉದಕಮಂಡಲದ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವರು ಪೆಥಾಲಜಿಸ್ಟ್, ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಸ್ಲೈಡಿನ ಮೇಲೆ ನೋಡಿ ರೋಗ ಗುರುತಿಸುವ ಡಾಕ್ಟರು. ಗೂಡಲೂರಿನ ನಾನು ಓದು ಮುಗಿಸಿ ಅವರ ಕೈಕೆಳಗೆ ಸೇರಿದ್ದೆ. ಅವರ ತವರು ಗುಂಡ್ಲುಪೇಟೆ, ಹಾಗಾಗಿ ಲ್ಯಾಬಿನಲ್ಲಿ ನಮ್ಮಿಬ್ಬರದು ಕನ್ನಡ.

"ಪ್ರತಿ ಜೀವಕೋಶಕ್ಕೂ ಒಂದು ಕಸುಬಿದೆ ಕಣಮ್ಮ. ಕಸುಬು ಕಲಿತಿದ್ದರೆ ಮೈಮೇಲೆ ಗುರುತಿರುತ್ತೆ. ಕಲಿಯದೆ ಬರೀ ಹೆಚ್ಚುತ್ತಾ ಹೋಯ್ತು ಅನ್ನು, ಅದೇ ಕೆಟ್ಟದ್ದು," ಎನ್ನುತ್ತಿದ್ದರು. ತಪ್ಪು ಹೇಳಿದರೆ ಬಯ್ಯುತ್ತಿರಲಿಲ್ಲ. "ಇನ್ನೊಂದ್ಸಲ ನೋಡು" ಎಂದು ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬರೀ ನಂಬರಿದ್ದ ಸ್ಲೈಡುಗಳನ್ನು ನನ್ನ ಮುಂದಿಟ್ಟರು. ಸ್ತನದ ಗೆಡ್ಡೆ. ಕೋಶಗಳಿಗೆ ಹಾಲಿನ ಗ್ರಂಥಿಯ ರೂಪವೇ ಉಳಿದಿರಲಿಲ್ಲ. ಗುರುತು ಇದ್ದರೆ ಕಂದು ಬಣ್ಣ ಹತ್ತಬೇಕು. ಯಾವ ಔಷಧಿ ಹಿಡಿಯುತ್ತದೆಂದು ತಿಳಿಯಲು ಮಾಡುವ ಮೂರು ಪರೀಕ್ಷೆಯಲ್ಲೂ ಹತ್ತಿರಲಿಲ್ಲ.

"ಯಾರದು ಮೇಡಂ?"

"ಮಂಜೂರು ಕಡೆಯ ಒಬ್ಬ ಹೆಂಗಸು. ಲಿವರಿಗೂ ಹೋಗಿದೆಯಂತೆ. ಎಷ್ಟು ದಿನ ಅಂತೀಯ?"

ನಾನು ಟೀಯಲ್ಲಿ ವರ್ಕಿ ಬಿಸ್ಕತ್ತು ಅದ್ದಿಕೊಂಡು, "ಮೂರೂ ನೆಗೆಟಿವ್. ಹಾರ್ಮೋನ್ ಮಾತ್ರೆಯೂ ಹಿಡಿಯಲ್ಲ. ಒಂದು ವರ್ಷ ಇದ್ದರೆ ಹೆಚ್ಚು ಮೇಡಂ," ಎಂದೆ. ಸರಿಯಾಗಿ ಹೇಳಿದೆನೆಂಬ ಹೆಮ್ಮೆಯಿತ್ತು.

"ಸರಿಯಾಗಿ ನೋಡಿದ್ದೀಯ. ಬರೆದು ಸಹಿ ಹಾಕು."

ಹಾಕಿದೆ.

ಕೆಲವು ವಾರಗಳ ನಂತರ ಅವರು ದೀರ್ಘ ರಜೆ ಹಾಕಿದರು. ನೋಡಲು ಅವರ ಮನೆಗೆ ಹೋದೆ. ಅವರ ಹುಬ್ಬಿನಲ್ಲೂ ಕೂದಲಿರಲಿಲ್ಲ. ಮಂಚದ ಪಕ್ಕ ಕೊಯಮತ್ತೂರಿನ ಆಸ್ಪತ್ರೆಯ ಫೈಲು. ಮೇಲುಗಡೆಯೇ ನನ್ನ ಸಹಿಯ ಹಾಳೆ. ನಂಬರಿನ ಪಕ್ಕದಲ್ಲಿ ಅವರೇ ತಮ್ಮ ಹೆಸರು ಬರೆದುಕೊಂಡಿದ್ದರು.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ನನ್ನ ಬಾಯಿಂದಲೇ ಯಾಕೆ ಹೇಳಿಸಿದ್ರಿ? ನಾನು ವರ್ಕಿ ತಿಂತಾ ಹೇಳ್ದೆ ಮೇಡಂ."

"ನಂದು ಅಂತ ಗೊತ್ತಿದ್ದಿದ್ರೆ ನೀನು ಎಲ್ಲಾದ್ರೂ ಒಂದು ಕಂದು ಚುಕ್ಕೆ ಹುಡುಕ್ತಿದ್ದೆ. ನನ್ನ ಕಣ್ಣನ್ನ ನಾನೇ ನಂಬೋಕಾಗ್ತಿರಲಿಲ್ಲ. ಬೇರೆ ಯಾರನ್ನ ಕೇಳಲಿ?"

ನಾನು ಎದ್ದು ಬಂದೆ. ಆಮೇಲೆ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ನಾನು ಸಹಿ ಹಾಕಿದ ಏಳನೇ ತಿಂಗಳಲ್ಲಿ ತೀರಿಕೊಂಡರು.

ನನಗೆ ಸ್ಲೈಡು ನೋಡಲು ಬರುವುದೆಲ್ಲ ಅವರು ಕಲಿಸಿದ್ದೇ. ಆದರೂ ನಾನು ಅವರನ್ನು ಕ್ಷಮಿಸಿಲ್ಲ. ಈಗ ನನ್ನ ಬಳಿ ಕಲಿಯಲು ಬಂದವರಿಗೆ, ಸ್ಲೈಡು ಕೊಡುವ ಮೊದಲು ಅದು ಯಾರದೆಂದು ಹೇಳಿಬಿಡುತ್ತೇನೆ.