ಸಿಂಹದ ಬಾಯಿಗೆ ಸುರಿದ ನೀರು

ಅಕ್ಟೋಬರಿನಿಂದ ಮೇ ತಿಂಗಳವರೆಗೆ ಆಂಟಿಯ ಎಡಗೈಯಲ್ಲಿ ಹಸಿರು ಬಳೆಗಳ ನಡುವೆ ಒಂದು ಕಪ್ಪು ರಬ್ಬರ್ ರಿಂಗು ಇರುತ್ತಿತ್ತು. ಈಜುಕೊಳದ ಪಂಪಿನ ಮುಚ್ಚಳದ ರಿಂಗು ಅದು. ಚಳಿಗಾಲಕ್ಕೆ ಪಂಪು ಬಿಚ್ಚಿಟ್ಟ ಮೇಲೆ ಎಲ್ಲಾದರೂ ಕಳೆದುಹೋದೀತೆಂದು ಕೈಗೇ ಹಾಕಿಕೊಳ್ಳುತ್ತಿದ್ದರು. "ಬಳಿ ಜೋಡಿ ಇದ್ರ ಎಲ್ಲಿ ಹೋಗ್ತದ, ತಂಗಿ?"

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಡೆಟ್ರಾಯಿಟ್‌ನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನಾನು, ಪಕ್ಕದ ಊರು ಸೌತ್‌ಫೀಲ್ಡ್‌ನ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಆಂಟಿ ಗದಗದ ಕಡೆಯವರು. ಯಜಮಾನರು ಡಾಕ್ಟರು. ಹಿತ್ತಲಿನ ಈಜುಕೊಳದ ಒಂದು ಬದಿಗೆ ಕಲ್ಲಿನ ಗೋಡೆ, ಅದರಲ್ಲಿ ಸಿಂಹದ ಮುಖ. ಬೇಸಿಗೆಯಲ್ಲಿ ಸಿಂಹದ ಬಾಯಿಂದ ಕೊಳಕ್ಕೆ ನೀರು ಸುರಿಯುತ್ತಿತ್ತು. ಡಾಕ್ಟರರು ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಅದನ್ನೇ.

ಅದನ್ನು ಚಳಿಗೆ ಸಿದ್ಧ ಮಾಡುವುದು ಆಂಟಿಯ ಕೆಲಸ. ಸೀರೆಯ ಮೇಲೆ ಗಂಡನ ಹಳೆಯ ಕೋಟು, ಕೈಯಲ್ಲಿ ಪೈಪ್ ರೆಂಚು. ಪಂಪಿನ ಹತ್ತಿರ ಪೈಪು ಬಿಚ್ಚಿ, ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಗಾಳಿ ಹೊರಬರುವ ಬದಿಗೆ ಸಿಕ್ಕಿಸಿ ಅದರೊಳಗೆ ಗಾಳಿ ಊದುತ್ತಿದ್ದರು. ಸಿಂಹ ಕೆಮ್ಮುತ್ತಿತ್ತು, ಉಗುಳುತ್ತಿತ್ತು. ಬರೀ ಗಾಳಿ ಬರತೊಡಗಿದ ಮೇಲೂ ಅದರ ಬಾಯಿಗೆ ಅಂಗೈ ಹಿಡಿದು ನೋಡಿ, ಅಂಗೈ ಒದ್ದೆಯಾಗದಿದ್ದರೆ ಮಾತ್ರ ಪೈಪಿನ ಕೆಳತುದಿಗೂ ಸಿಂಹದ ಬಾಯಿಗೂ ರಬ್ಬರ್ ಬಿರಡೆ ತುರುಕುತ್ತಿದ್ದರು.

"ಒಳಗ ಉಳಿದ ನೀರು ಸುಮ್ಮನಿರೂದಿಲ್ಲ. ಕಲ್ಲೂ ಒಡೀತದ," ಎನ್ನುವರು. ಆಮೇಲೆ ದನಿ ತಗ್ಗಿಸಿ, "ಮನಿಯಾಗಿನ ಸಿಂಹಕ್ಕೂ ಇಂಥಾದ್ದೊಂದು ಬಿರಡಿ ಸಿಕ್ಕಿದ್ರ ಎಷ್ಟು ಚಲೋ ಇತ್ತು!" ಎಂದು ನಗುವರು.

ಡಾಕ್ಟರರು ಹೊಡೆಯುವ ಮುನ್ನ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗಡಿಯಾರ ಬಿಚ್ಚುವುದು ಕಂಡರೆ ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಮ್ಮೆ ಆಂಟಿಯ ತಲೆಯನ್ನು ಫ್ರಿಜ್ಜಿಗೆ ಅಪ್ಪಳಿಸಿದ ಸದ್ದು ಮಹಡಿಗೂ ಕೇಳಿಸಿತು. ಮರುದಿನ ಆಂಟಿ ನನಗೆ ರೊಟ್ಟಿ ಬಡಿಸುತ್ತ ಹಿಮ ಬೀಳುವ ಮಾತಾಡಿದರು. ನಾನೂ ಹಿಮದ ಮಾತನ್ನೇ ಆಡಿದೆ.

ಒಂದು ವರ್ಷ ದೀಪಾವಳಿ ನವೆಂಬರಿನಲ್ಲಿ ಬಂತು. ಹಬ್ಬದ ಮೊದಲ ಸಂಜೆ ನೀರು ತುಂಬುವುದು. ಮೈಸೂರಿನ ನಮ್ಮ ಮನೆಯಲ್ಲಿ ಅಂದು ಹಂಡೆ, ಕೊಡ ಯಾವುದೂ ಖಾಲಿ ಇರಬಾರದು. ಇಲ್ಲಿ ಹಂಡೆ ಎಲ್ಲಿಂದ ತರುವುದು? ಹಿತ್ತಲಿಗೆ ಹೋಗಿ, ಬಿರಡೆ ಕಿತ್ತು, ಖಾಲಿಯಾಗಿದ್ದ ಸಿಂಹದ ಬಾಯಿಗೆ ಒಂದು ಬಕೆಟ್ ನೀರು ಸುರಿದೆ. ಅದರ ಹಣೆಗೆ ಕುಂಕುಮ ಇಟ್ಟು ಬಿರಡೆ ಮತ್ತೆ ತುರುಕಿದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆಂದು ಪರೀಕ್ಷೆಗಳಲ್ಲಿ ಬರೆದವಳು ನಾನು. ಆ ಸಂಜೆ ಅದು ನೆನಪಾಗಲಿಲ್ಲ.

ಮುಂದಿನ ವಾರ ಚಳಿ ಹದಿನೈದು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯಿತು. ಶನಿವಾರ ಮಧ್ಯಾಹ್ನ ಆಂಟಿ ಪೈಪುಗಳನ್ನು ಮತ್ತೊಮ್ಮೆ ನೋಡಲು ರೆಂಚು ಹಿಡಿದು ಹಿತ್ತಲಿಗೆ ಹೋದಾಗ ಗೋಡೆಯೊಳಗಿನ ಪೈಪು ಸೀಳಿ, ಸಿಂಹದ ಮುಖ ಹಣೆಯಿಂದ ಗದ್ದದವರೆಗೆ ಬಿರಿದಿತ್ತು. ಆಂಟಿ ಕುಂಕುಮ ನೋಡಿದರು. ಹಿತ್ತಲಿನ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ಡಾಕ್ಟರರು ಹಿಂಬಾಗಿಲು ದಾಟಿ ಬರುವಷ್ಟರಲ್ಲಿ ಹೆಬ್ಬೆರಳಿನಿಂದ ಕುಂಕುಮ ಒರೆಸಿಬಿಟ್ಟರು.

"ಏನಿದು?"

"ನಾನ ಸರಿಯಾಗಿ ಊದಲಿಲ್ಲರಿ. ನೀರು ಉಳಿದಿತ್ತು."

"ಒಂದು ಕೆಲಸಾನೂ ನೆಟ್ಟಗ ಮಾಡಲಿಕ್ಕೆ ಬರೂದಿಲ್ಲ ನಿನಗ!"

ಅಂದು ಗಡಿಯಾರ ಬಿಚ್ಚಲಿಲ್ಲ. ಆಂಟಿಯ ಕೈಯಿಂದ ರೆಂಚು ಕಿತ್ತುಕೊಂಡು ಬೀಸಿದರು. ತಲೆಗೆ ಅಡ್ಡವಾಗಿ ಎತ್ತಿದ ಎಡಗೈ ಮೇಲೆ ಏಟು ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಎರಡನೆಯದು ಭುಜಕ್ಕೆ. ಕುಸಿದು ಬಿದ್ದ ಮೇಲೆ ಬೂಟುಗಾಲಿನಿಂದ ಪಕ್ಕೆಗೆ ಒದ್ದರು, ಮತ್ತೆ ಒದ್ದರು. ಹೆಪ್ಪುಗಟ್ಟಿದ ಹುಲ್ಲಿನ ಮೇಲೆಲ್ಲ ಹಸಿರು ಬಳೆಯ ಚೂರು, ರಕ್ತ. ಕೈಯಲ್ಲಿ ಉಳಿದದ್ದು ರಬ್ಬರ್ ರಿಂಗು ಒಂದೇ. ನೀರು ಸುರಿದವಳು ನಾನು ಎನ್ನಲು ಬಾಯಿ ತೆರೆದೆ. ಆಂಟಿ ನೆಲದಿಂದಲೇ ನನ್ನತ್ತ ಬೇಡವೆಂದು ತಲೆಯಾಡಿಸಿದರು. ನಾನು ಬಾಯಿ ಮುಚ್ಚಿದೆ.

ಆಮೇಲೆ ಡಾಕ್ಟರರೇ ಆ ಕೈ ಒತ್ತಿ ನೋಡಿ, "ಮುರಿದಿಲ್ಲ," ಎಂದರು.

ಆಂಟಿ ಈಗ ಲೊಂಬಾರ್ಡ್ ಎಂಬ ಊರಿನಲ್ಲಿ, ತಮ್ಮ ತಮ್ಮನ ಮನೆಗೆ ಎರಡು ಮೈಲಿ ದೂರದಲ್ಲಿ, ಒಬ್ಬರೇ ಇದ್ದಾರೆ. ಫೋನಿನಲ್ಲಿ ಆ ಮಧ್ಯಾಹ್ನದ ಮಾತು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನನ್ನ ಪಾಲಿನ ಏಟನ್ನು ಅವರು ತಿಂದರೆಂಬುದು ಇಬ್ಬರಿಗೂ ಗೊತ್ತು.

ಆ ಏಟು ಬಿದ್ದ ಮರುದಿನ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಡಾಕ್ಟರರ ಎದುರು ನಿಂತು, "ಆ ನೀರು ಸುರಿದದ್ದು ನಾನು, ಆಂಟಿ ಅಲ್ಲ," ಎಂದೆ.

ಅವರು ನಕ್ಕರು. "ಇರ್ಲಿ ಬಿಡ್ರಿ. ಒಂದು ಪೈಪಿಗೆ ಯಾಕಷ್ಟು ಮನಸ್ಸಿಗೆ ಹಚ್ಕೋತೀರಿ?" ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೊರಟರು.

ನಾನು ಆಂಟಿಯನ್ನು ಆಂಟಿಯದೇ ಕಾರಿನಲ್ಲಿ ಕೂರಿಸಿಕೊಂಡು, ಡಾಕ್ಟರರ ಗುರುತಿಲ್ಲದ ಬೇರೊಂದು ಆಸ್ಪತ್ರೆಗೆ ಹನ್ನೆರಡು ಮೈಲಿ ಡ್ರೈವ್ ಮಾಡಿದೆ. ಕೈಗೆ ಹೇಗೆ ಪೆಟ್ಟಾಯಿತೆಂದು ನರ್ಸ್ ಕೇಳಿದಳು. ಐಸ್ ಮೇಲೆ ಜಾರಿ ಬಿದ್ದೆ ಎಂದು ಆಂಟಿ ಶುರುಮಾಡಿದರು. ಅವರ ಮಾತು ಮುಗಿಯುವ ಮೊದಲೇ ನಾನು ಹೇಳಿದೆ: "ಗಂಡ ಹೊಡೆದದ್ದು, ಪೈಪ್ ರೆಂಚಿನಿಂದ. ನಾನು ಅಲ್ಲೇ ಇದ್ದೆ. ಬರೆದುಕೊಳ್ಳಿ."