ಟ್ಯಾಂಕಿನ ಮೇಲಿನ ಹಾಡು

ಕೊಡಿಗೇನಹಳ್ಳಿಯಿಂದ ಐ.ಡಿ.ಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಲೋಹಿತಾ ಮಗಳಿಂದ ಹಾಡು ಹೇಳಿಸುತ್ತಿದ್ದಳು. ನಾಲ್ಕು ವರ್ಷದ ಸಂಘಮಿತ್ರಾ ಕೂರುತ್ತಿದ್ದುದು ಬೈಕಿನ ಟ್ಯಾಂಕಿನ ಮೇಲೆ, ಅಪ್ಪ ನಾಗಭೂಷಣನ ತೋಳುಗಳ ನಡುವೆ. ಹಿಂದೆ ಎಂಟು ತಿಂಗಳ ಮಗನನ್ನು ಮಡಿಲಲ್ಲಿ ಹಾಕಿಕೊಂಡು, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತ ಲೋಹಿತಾಳಿಗೆ ಗಂಡನ ಬೆನ್ನು ಬಿಟ್ಟರೆ ಮುಂದಿನದೇನೂ ಕಾಣುತ್ತಿರಲಿಲ್ಲ. ಹಾಡು ಕೇಳುತ್ತಿದ್ದರೆ ಮಗಳು ಎಚ್ಚರವಿದ್ದಾಳೆ. ನಿಂತರೆ ತೂಕಡಿಸುತ್ತಿದ್ದಾಳೆ. ಆಗ ನಾಗಭೂಷಣ ಎಡಗೈ ತೆಗೆದು ಮಗುವಿನ ಹಣೆಗೆ ಕೊಡುತ್ತಿದ್ದ. ಕ್ಲಚ್ಚಿಗೆ ಕೈ ಇರುತ್ತಿರಲಿಲ್ಲ.

ಲೋಹಿತಾ ಮನೆಯ ಮುಂದಿನ ಕೋಣೆಯಲ್ಲಿ ಸ್ಕೂಲ್ ಯೂನಿಫಾರಂ ಹೊಲಿಯುತ್ತಾಳೆ. ನಾಗಭೂಷಣನಿಗೆ ಬಲಸಮುದ್ರದ ಕಡೆ ಸೋಲಾರ್ ಫಲಕ ತೊಳೆಸುವ ಕೆಲಸ. ರಜಾ ಇರುವುದು ಭಾನುವಾರ ಮಾತ್ರ, ಅವತ್ತು ಐ.ಡಿ.ಹಳ್ಳಿಯಲ್ಲಿರುವ ತಾಯಿ ಶಿವರುದ್ರಮ್ಮನಿಗೆ ಮೊಮ್ಮಕ್ಕಳ ಮುಖ ತೋರಿಸಲೇಬೇಕು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹಾಡು ಅರ್ಧಕ್ಕೇ ನಿಂತಿತು.

“ಮಿತ್ರಾ, ಮುಂದಿಂದು ಹೇಳವ್ವ.”

ಲೋಹಿತಾ ಗಂಡನ ಬೆನ್ನು ತಟ್ಟಿದಳು.

“ರೀ, ಮಲಗಿದ್ಲಾ?”

“ಹಿಡ್ಕಂಡಿದೀನಿ ಬುಡೇ.”

“ನಿಲ್ಸಿ ಮತ್ತೆ.”

“ಇನ್ನೇನ್ ಊರು ಬಂದೇಬುಡ್ತು.”

ಊರಿಗೆ ಮೊದಲು ತಿರುವು ಬಂತು. ಅಲ್ಲಿ ಯಾರೋ ಹುರುಳಿ ಗಿಡವನ್ನು ರಸ್ತೆಗೇ ಹರವಿದ್ದರು. ಸುಗ್ಗಿಯಲ್ಲಿ ಈ ಕಡೆ ಟಾರು ರಸ್ತೆಯೇ ಕಣ, ಹೋಗಿಬರುವ ವಾಹನಗಳ ಚಕ್ರವೇ ಕಾಳು ಬಿಡಿಸುತ್ತದೆ. ನಾಗಭೂಷಣ ಬ್ರೇಕ್ ಒತ್ತಿದ. ಹಿಂದಿನ ಚಕ್ರ ಕಾಳಿನ ಮೇಲೆ ಜಾರಿತು. ಎಂಜಿನ್ ಎರಡು ಸಲ ಜಗ್ಗಿ ನಿಂತುಹೋಯಿತು. ಬೈಕು ವಾಲಿದ ಕಡೆಗೆ ಲೋಹಿತಾ ಕಾಲು ಊರಿದಳು. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು, ಬೈಕು ಬೀಳಲಿಲ್ಲ. ಅವನ ಎಡಗೈ ಇನ್ನೂ ಮಗಳ ಹಣೆಯ ಮೇಲೇ ಇತ್ತು.

ಸಂಘಮಿತ್ರಾ ಕಣ್ಣು ಬಿಟ್ಟು, “ಅಜ್ಜಿ ಮನೆ ಬಂತಾ?” ಎಂದಳು.

ಹುರುಳಿ ತಿರುವಿಹಾಕುತ್ತಿದ್ದ ಮುದುಕ ಮಹಾಲಿಂಗಯ್ಯ ಓಡಿಬಂದರು. “ಮಗೀನ್ ಹಿಡ್ಕತೀಯೋ, ಗಾಡಿ ಹಿಡ್ಕತೀಯೋ? ಎರಡೂ ಆಗಕ್ಕಿಲ್ಲ ಕಣ್ಲಾ.”

“ರಸ್ತೇಲಿ ಕಣ ಮಾಡ್ಕಂಡು ನಂಗೇ ಬುದ್ಧಿ ಹೇಳ್ತೀರಲ್ಲ!” ಎಂದ ನಾಗಭೂಷಣ. ಆದರೆ ಕಿಕ್ಕರ್ ತುಳಿಯುವಾಗ ಅವನ ಕಾಲು ಎರಡು ಬಾರಿ ತಪ್ಪಿದ್ದನ್ನು ಲೋಹಿತಾ ನೋಡಿದಳು.

ಐ.ಡಿ.ಹಳ್ಳಿಯಲ್ಲಿ ಶಿವರುದ್ರಮ್ಮ ಇದನ್ನು ಕೇಳಿ ನಕ್ಕರು. “ನಿಮ್ ಮಾವ ಮೂರು ಮಕ್ಳನ್ನ ಸೈಕಲ್ ಬಾರ್ ಮೇಲೆ ಏರಿಸ್ಕಂಡು ಮಧುಗಿರಿಗೇ ಹೋಗ್ಬುಡೋರು ಕಣಮ್ಮ.”

ಲೋಹಿತಾ ಸೋಮವಾರ ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿಗಳನ್ನು ಬಿಚ್ಚಿ, ಜೀನ್ಸ್ ಬಟ್ಟೆಯ ಮೇಲೆ ಕೂರಿಸಿ ಒಂದು ಬೆಲ್ಟ್ ಹೊಲಿದಳು. ಮಗು ಅಪ್ಪನ ಬೆನ್ನಿಗೆ ಅಂಟಿ ಇಬ್ಬರ ನಡುವೆ ಕೂರಬೇಕು, ಪಟ್ಟಿ ಮಗುವನ್ನು ಬಿಗಿದು ಅವನ ಭುಜ ಸೊಂಟ ಸುತ್ತಿ ಬರಬೇಕು. ಮಗಳ ತೂಕದಷ್ಟು ರಾಗಿಯನ್ನು ಚೀಲಕ್ಕೆ ತುಂಬಿ, ಬೆಲ್ಟಿಗೆ ಕಟ್ಟಿ, ಬೆಲ್ಟನ್ನು ಮನೆಯ ಕಂಬಕ್ಕೆ ತೊಡಿಸಿ ಜಗ್ಗಿದಳು. ಎಡಭುಜದ ಹೊಲಿಗೆ ಪರ‍್ರನೆ ಹರಿಯಿತು. ರಾಗಿ ನೆಲದ ತುಂಬ ಚೆಲ್ಲಿತು. ಆ ಸದ್ದು ಅವಳನ್ನು ಎರಡು ದಿನ ಬಿಡಲಿಲ್ಲ. ಚಪ್ಪಲಿ ಹೊಲಿಸಲು ಹೋದವಳು ಚಪ್ಪಲಿಗೆ ಹಾಕುವ ಮೇಣದ ದಾರವನ್ನೇ ಕೇಳಿ ತಂದು ಬೆಲ್ಟನ್ನು ಮತ್ತೆ ಹೊಲಿದಳು. ಶನಿವಾರ ಎಷ್ಟು ಜಗ್ಗಿದರೂ ಚೀಲ ಕಂಬದಲ್ಲೇ ನಿಂತಿತು.

“ಮರಿ ಕಟ್ಕಂಡ್ ಕೋತಿ ಥರ ಓಡಾಡ್ಲಾ ನಾನು?” ಎಂದ ನಾಗಭೂಷಣ.

ಭಾನುವಾರ ಅವನು ಬೈಕು ಸ್ಟಾರ್ಟ್ ಮಾಡಿ ಟ್ಯಾಂಕಿನ ಮೇಲೆ ಟವೆಲ್ ಹಾಸಿದ. ಸಂಘಮಿತ್ರಾ ಅದರತ್ತ ಕೈ ಚಾಚಿದಳು. ಲೋಹಿತಾ ಅವಳ ರಟ್ಟೆ ಹಿಡಿದು ನಿಂತಳು. ಎದುರು ಕಟ್ಟೆಯಲ್ಲಿ ಕೂತ ನಾಲ್ವರು ಇತ್ತ ತಿರುಗಿದರು.

“ಹತ್ತೇ ಲೇ, ಎಲ್ರೂ ನೋಡ್ತಾವ್ರೆ.”

“ನೀವು ಬೆಲ್ಟ್ ಹಾಕ್ಕಳಿ, ಹತ್ತೀನಿ.”

“ಅವ್ಳನ್ನ ಬೀಳಿಸ್ತೀನಾ ನಾನು?”

“ನಿಮ್ ಕೈ ನಂಗೆ ಕಾಣಲ್ಲ ರೀ. ಅವ್ಳ್ ಮುಖಾನೂ ಕಾಣಲ್ಲ. ಹಾಡು ನಿಂತ್ರೆ ನನ್ ಜೀವಾನೇ ನಿಂತೋಗುತ್ತೆ.”

ಅವನು ಎಂಜಿನ್ ಆರಿಸಿದ. ಕಟ್ಟೆಯತ್ತ ನೋಡದೆ ಬೆಲ್ಟಿಗೆ ತೋಳು ತೂರಿಸಿದ.

“ಏನ್ ಬೂಶಣ್ಣ, ಸ್ಕೂಲಿಗ್ ಹೊಂಟ್ಯಾ?” ಎಂದಿತು ಕಟ್ಟೆ.

“ಹೂಂ ಕಣ್ಲಾ, ನಿನ್ನೂ ಸೇರಿಸ್ತೀನಿ ಬಾ.”

“ಏನೂ ಕಾಣಲ್ಲ, ಅಪ್ಪನ್ ಶರ್ಟೇ!” ಎಂದು ಸಂಘಮಿತ್ರಾ ಊರು ದಾಟುವವರೆಗೆ ಅತ್ತಳು, ಆಮೇಲೆ ಹಾಡಿದಳು. ತಿರುವಿಗೆ ಮೊದಲೇ ಹಾಡು ನಿಂತಿತು. ಲೋಹಿತಾ ಬಗ್ಗಿ ನೋಡಿದಳು. ಮಗಳ ಕೆನ್ನೆ ಅಪ್ಪನ ಬೆನ್ನಿಗೆ ಒತ್ತಿತ್ತು, ಬಾಯಿ ಅರೆ ತೆರೆದಿತ್ತು. ಹುರುಳಿ ಇನ್ನೂ ರಸ್ತೆಯಲ್ಲೇ ಇತ್ತು. ನಾಗಭೂಷಣ ಕ್ಲಚ್ ಹಿಡಿದು, ಗೇರ್ ಇಳಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿದು ಅದರ ಅಂಚಿನಲ್ಲಿ ನಿಧಾನವಾಗಿ ಸಾಗಿದ.

ಲೋಹಿತಾ ಮಗಳನ್ನು ಎಬ್ಬಿಸಲಿಲ್ಲ.